ಡಿಜಿಟಲ್ ಚಿತ್ರಕ್ಕೆ ಏನು ಕೊಳ್ಳಬೇಕು? ಪೆನ್ನಿನಿಂದ ಶುರು ಮಾಡಿ

ಹೋದ ತಿಂಗಳು ಅಕ್ಕನ ಮಗಳು ಶಿವಮೊಗ್ಗದಿಂದ ಫೋನ್ ಮಾಡಿದ್ದಳು. "ಚಿಕ್ಕಮ್ಮ, ಡ್ರಾಯಿಂಗ್‌ಗೆ ಹೊಸ ಲ್ಯಾಪ್‌ಟಾಪ್ ತಗೊಳ್ಲೋ, ಐಪ್ಯಾಡ್ ತಗೊಳ್ಲೋ? ಅಪ್ಪ ಅರವತ್ತು ಸಾವಿರ ಕೊಡ್ತೀನಿ ಅಂದಿದಾರೆ."

"ಈಗ ಮನೇಲಿ ಏನಿದೆ?" ಅಂದೆ. ಕಾಲೇಜಿಗೆ ಅಂತ ಕೊಡಿಸಿದ ಲ್ಯಾಪ್‌ಟಾಪ್ ಇದೆಯಂತೆ. 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಇದೆ. "ಹಾಗಾದ್ರೆ ಸದ್ಯಕ್ಕೆ ನಾಲ್ಕು ಸಾವಿರ ಸಾಕು" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಚಿಕ್ಕಮ್ಮ ಜುಗ್ಗಿ ಅಂದುಕೊಂಡಿರಬೇಕು.

ಜುಗ್ಗತನ ಅಲ್ಲ, ಪೆಟ್ಟು ತಿಂದ ಬುದ್ಧಿ. ನಾನು ಈ ಕೆಲಸ ಶುರು ಮಾಡಿದಾಗ ಅಂಗಡಿಯವರ ಮಾತು ಕೇಳಿ ಇದ್ದ ದುಡ್ಡನ್ನೆಲ್ಲ ಒಂದು ದಪ್ಪ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಸುರಿದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಗ್ರಾಫಿಕ್ಸ್ ಕೆಲಸ ಚೆನ್ನಾಗಿ ಆಗುತ್ತೆ ಅಂತ ಅವರು ಹೇಳಿದರು, ನಾನು ನಂಬಿದೆ. ಪೆನ್ನಿಗೆ ದುಡ್ಡು ಉಳಿಯಲಿಲ್ಲ. ಆರು ತಿಂಗಳು ಮೌಸ್ ಹಿಡಿದು ಮಕ್ಕಳ ಕಥೆಗೆ ಚಿತ್ರ ಬಿಡಿಸಿದೆ. ಆ ಚಿತ್ರಗಳಲ್ಲಿ ಎಲ್ಲ ಮಕ್ಕಳೂ ತಂತಿ ಬಗ್ಗಿಸಿ ಮಾಡಿದ ಹಾಗೆ ಇದ್ದಾರೆ. ಮೊದಲು ಪೆನ್ನು, ಆಮೇಲೆ ಪೆನ್ನು ಓಡಾಡುವ ಜಾಗ, ಕೊನೆಗೆ ಕಂಪ್ಯೂಟರ್. ಈಗ ಯಾರು ಕೇಳಿದರೂ ಇದೇ ಕ್ರಮದಲ್ಲಿ ಯೋಚಿಸಿ ಅಂತೀನಿ.

ಎಲ್ಲಿ ಕೂತು ಬಿಡಿಸುತ್ತೀರಿ?

ಅಂಗಡಿಗೆ ಹೋಗುವ ಮುಂಚೆ ಈ ಪ್ರಶ್ನೆಗೆ ಉತ್ತರ ಬೇಕು. ದಿನಾ ಒಂದೇ ಮೇಜು, ಒಂದೇ ಕುರ್ಚಿ ಅಂತಾದರೆ ಕಂಪ್ಯೂಟರಿಗೆ ಪೆನ್ ಟ್ಯಾಬ್ಲೆಟ್ ಜೋಡಿಸುವುದು ಅಗ್ಗ, ಬಾಳಿಕೆಯೂ ಜಾಸ್ತಿ. ಮೆಟ್ರೋದಲ್ಲಿ, ಹಾಸಿಗೆ ಮೇಲೆ, ಊರಿಗೆ ಹೋದಾಗ ಅಜ್ಜಿ ಮನೆ ಜಗಲಿಯಲ್ಲಿ ಬಿಡಿಸುವವರಾದರೆ ಐಪ್ಯಾಡ್ ಅಥವಾ ಆಂಡ್ರಾಯ್ಡ್ ಟ್ಯಾಬ್ ಬೇಕು. ಕರೆಂಟ್ ಹೋದರೂ ಅದು ನಡೆಯುತ್ತದೆ, ಅದೊಂದು ಅನುಕೂಲ.

ಏನು ಬಿಡಿಸುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಆದರೆ ಜನ ಅಂದುಕೊಂಡಷ್ಟಲ್ಲ. ಕಾರ್ಟೂನ್, ಕಾಮಿಕ್ಸ್, ಪುಸ್ತಕದ ಚಿತ್ರ, ಮದುವೆ ಕಾರ್ಡಿನ ವಿನ್ಯಾಸ ಎಲ್ಲವೂ ಯಾವುದರಲ್ಲಾದರೂ ಆಗುತ್ತದೆ. ಬ್ಲೆಂಡರ್‌ನಂಥ ಸಾಫ್ಟ್‌ವೇರ್‌ನಲ್ಲಿ ಮಾಡುವ ತ್ರೀಡಿ ಕೆಲಸಕ್ಕೆ ಮಾತ್ರ ಗಟ್ಟಿ ಕಂಪ್ಯೂಟರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು.

ಮೂರು ದಾರಿ

ಒಂದು, ಸ್ಕ್ರೀನ್ ಇಲ್ಲದ ಪೆನ್ ಟ್ಯಾಬ್ಲೆಟ್. ಸ್ಲೇಟಿನ ಹಾಗಿನ ಕಪ್ಪು ಹಲಗೆ. ಇದರ ಮೇಲೆ ಗೀಚಿದರೆ ಗೆರೆ ಕಂಪ್ಯೂಟರ್ ಸ್ಕ್ರೀನಿನಲ್ಲಿ ಮೂಡುತ್ತದೆ. ವಾಕೋಮ್, ಹುಯಾನ್, ಎಕ್ಸ್‌ಪಿ-ಪೆನ್ ಹೆಸರುಗಳು ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ. ಮೊದಲನೆಯದು ಜಪಾನಿನದು, ಉಳಿದೆರಡು ಚೀನಾದವು. ಚಿಕ್ಕ ಸೈಜಿನದು ಮೂರರಿಂದ ಐದು ಸಾವಿರಕ್ಕೆ ಬರುತ್ತದೆ. ಇವುಗಳ ಪೆನ್ನಿಗೆ ಚಾರ್ಜ್ ಬೇಡ. ಹಲಗೆಯೊಳಗಿನ ತಂತಿಗಳು ಒಂದು ಕಾಂತಕ್ಷೇತ್ರ ಹೊಮ್ಮಿಸುತ್ತವೆ, ಪೆನ್ನಿನೊಳಗಿನ ಪುಟ್ಟ ಸುರುಳಿ ಅದರಿಂದಲೇ ಶಕ್ತಿ ಪಡೆದು ತಾನು ಎಲ್ಲಿದ್ದೇನೆ, ಎಷ್ಟು ಒತ್ತು ಬಿದ್ದಿದೆ ಅಂತ ವಾಪಸ್ ಹೇಳುತ್ತದೆ.

ಎರಡು, ಸ್ಕ್ರೀನ್ ಇರುವ ಪೆನ್ ಡಿಸ್‌ಪ್ಲೇ. ಕಣ್ಣೆದುರಿಗೇ, ಪೆನ್ನಿನ ತುದಿಯಲ್ಲೇ ಗೆರೆ ಕಾಣುತ್ತದೆ. ಇದನ್ನು ಐಪ್ಯಾಡ್ ಥರ ಒಂಟಿಯಾಗಿ ಬಳಸಬಹುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ, ಇದು ಬರೀ ಮಾನಿಟರ್. ಹಿಂದೆ ಕಂಪ್ಯೂಟರ್ ಇರಲೇಬೇಕು. ಒಂದೇ ಯುಎಸ್‌ಬಿ-ಸಿ ಕೇಬಲ್ ಸಾಕು ಅಂತ ಡಬ್ಬದ ಮೇಲೆ ಬರೆದಿದ್ದರೂ, ನಿಮ್ಮ ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಕಿಂಡಿ ವಿಡಿಯೋ ಕಳಿಸುವಂಥದ್ದಾ ಅಂತ ಮೊದಲೇ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಬರೀ ಡೇಟಾಗೆ ಮತ್ತು ಚಾರ್ಜಿಂಗ್‌ಗೆ. ಆಗ ಎಚ್‌ಡಿಎಂಐ, ಯುಎಸ್‌ಬಿ, ಕರೆಂಟ್ ಮೂರೂ ಸೇರಿ ಮೇಜಿನ ಮೇಲೆ ಶಾವಿಗೆ ಹರಡಿದ ಹಾಗಾಗುತ್ತದೆ.

ಮೂರು, ತನ್ನಷ್ಟಕ್ಕೆ ತಾನೇ ಕೆಲಸ ಮಾಡುವ ಟ್ಯಾಬ್. ಪೆನ್ನು ಹಿಡಿಯುವ ಐಪ್ಯಾಡ್, ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಈ ಗುಂಪಿಗೆ ಸೇರಿದವು. ಸ್ಯಾಮ್‌ಸಂಗ್‌ನ ಎಸ್6 ಲೈಟ್, ಎಸ್9 ಎಫ್‌ಇ ಜೊತೆ ಡಬ್ಬದಲ್ಲೇ ಎಸ್ ಪೆನ್ ಬರುತ್ತದೆ, ಅದಕ್ಕೂ ಚಾರ್ಜ್ ಇಲ್ಲದೇ ಬಿಡಿಸಬಹುದು. ಟ್ಯಾಬ್ ಎ9 ಅಗ್ಗ ಅಂತ ಹೋಗಬೇಡಿ. ಅದು ಎಸ್ ಪೆನ್ನನ್ನು ಗುರುತಿಸುವುದೇ ಇಲ್ಲ.

ಹೊಸದಾಗಿ ಶುರು ಮಾಡುವವರು, ಕೈಯಲ್ಲಿ ಒಂದು ಕಂಪ್ಯೂಟರ್ ಇರುವವರು ಮೊದಲನೆಯ ದಾರಿ ಹಿಡಿಯಿರಿ. ನೋಡೋದೊಂದು ಕಡೆ, ಕೈ ಇನ್ನೊಂದು ಕಡೆ, ಹೇಗಪ್ಪಾ ಅಂತ ಭಯ ಇರುತ್ತದೆ. ಮೌಸ್ ಹಿಡಿದಾಗ ಕೈ ನೋಡುತ್ತೀರಾ? ಇಲ್ಲ ಅಲ್ವಾ? ಇದೂ ಹಾಗೇ. ಹತ್ತು ದಿನ ಕಷ್ಟ, ಆಮೇಲೆ ಮರೆತೇ ಹೋಗುತ್ತದೆ. ಇನ್ನೊಂದು ಲಾಭ ಯಾರೂ ಹೇಳುವುದಿಲ್ಲ. ಕತ್ತು ನೆಟ್ಟಗಿರುತ್ತದೆ. ಪೆನ್ ಡಿಸ್‌ಪ್ಲೇ ಮೇಲೆ ದಿನಕ್ಕೆ ಐದಾರು ಗಂಟೆ ಬಗ್ಗಿ ಕೂತರೆ ಏನಾಗುತ್ತದೆ ಅಂತ ನನ್ನ ಭುಜವನ್ನು ಕೇಳಿ.

ಪೆನ್ನಿನಲ್ಲಿ ಏನು ನೋಡಬೇಕು

ಕಾಗದದ ಮೇಲೆ ಒಂದು ಹುಬ್ಬು ಬಿಡಿಸಿ ನೋಡಿ. ಶುರುವಿನಲ್ಲಿ ಗೆರೆ ಸಣ್ಣಗಿರುತ್ತದೆ, ನಡುವೆ ಕೈ ಭಾರ ಬಿದ್ದು ದಪ್ಪ ಆಗುತ್ತದೆ, ಕೊನೆಗೆ ಕೈ ಎತ್ತುತ್ತಾ ಎಳೆಯಾಗಿ ಮುಗಿಯುತ್ತದೆ. ಒಂದೇ ಎಳೆತದಲ್ಲಿ ಮೂರು ದಪ್ಪ. ಡಿಜಿಟಲ್ ಪೆನ್ನು ಇದನ್ನು ಮಾಡಬೇಕಾದರೆ ಅದಕ್ಕೆ ಒತ್ತಡ ಗೊತ್ತಾಗಬೇಕು. ಪ್ರೆಶರ್ ಸೆನ್ಸಿಟಿವಿಟಿ ಅನ್ನುವುದು ಇದಕ್ಕೇ.

ದುಡ್ಡು ಕಳೆದುಕೊಳ್ಳುವವರು ಜಾಸ್ತಿ ಇಲ್ಲೇ. ತುದಿಗೆ ರಬ್ಬರ್ ಇರುವ, ಇನ್ನೂರು ಮುನ್ನೂರು ರೂಪಾಯಿಯ ಸ್ಟೈಲಸ್‌ಗೆ ಒತ್ತಡ ಗೊತ್ತಿಲ್ಲ. ಅದು ಬೆರಳಿಗೆ ಬದಲಿ, ಅಷ್ಟೇ. ಒಂದೂವರೆ ಎರಡು ಸಾವಿರಕ್ಕೆ ಸಿಗುವ, ಐಪ್ಯಾಡ್‌ಗೆ ಬಳಸುವ ಆಪಲ್ ಪೆನ್ಸಿಲ್‌ನಂತೆಯೇ ಕಾಣುವ ಬೇರೆ ಕಂಪನಿಯ ಬಿಳಿ ಪೆನ್ನುಗಳಲ್ಲೂ ಹೆಚ್ಚಿನವಕ್ಕೆ ಗೊತ್ತಿಲ್ಲ. ಅಷ್ಟೇ ಅಲ್ಲ, ಆಪಲ್‌ನದೇ ಆದ, 2023ರಲ್ಲಿ ಬಂದ ಯುಎಸ್‌ಬಿ-ಸಿ ಪೆನ್ಸಿಲ್‌ಗೂ ಗೊತ್ತಿಲ್ಲ! ಅದು ಪೆನ್ನನ್ನು ಓರೆ ಮಾಡಿದ್ದನ್ನು ಗುರುತಿಸುತ್ತದೆ, ಒತ್ತಿದ್ದನ್ನಲ್ಲ. ನೋಟ್ಸ್ ಬರೆಯಲು ಚೆನ್ನ, ಹುಬ್ಬು ಬಿಡಿಸಲು ಅಲ್ಲ. ಚಿತ್ರಕ್ಕಾದರೆ ಮೊದಲ ತಲೆಮಾರಿನ ಪೆನ್ಸಿಲ್, ಎರಡನೆಯದು ಅಥವಾ ಪ್ರೊ ಬೇಕು. ಯಾವ ಐಪ್ಯಾಡ್‌ಗೆ ಯಾವ ಪೆನ್ಸಿಲ್ ಅನ್ನುವುದು ಜಾತಕ ಕೂಡಿಸುವ ಕೆಲಸ. 2022ರ ಹತ್ತನೇ ತಲೆಮಾರಿನ ಐಪ್ಯಾಡ್‌ಗೆ ಮೊದಲ ಪೆನ್ಸಿಲ್ ಕೂಡುತ್ತದೆ, ಆದರೆ ಜೋಡಿಸಿ ಚಾರ್ಜ್ ಮಾಡಲು ಒಂದು ಪುಟ್ಟ ಅಡಾಪ್ಟರ್ ಬೇಕು. ಪೆನ್ಸಿಲ್ ಪ್ರೊ ಅದಕ್ಕೆ ಆಗುವುದಿಲ್ಲ. ಬಿಲ್ ಮಾಡಿಸುವ ಮುಂಚೆ ಆಪಲ್‌ನ ಪಟ್ಟಿಯಲ್ಲಿ ಎರಡರ ಹೆಸರೂ ಒಟ್ಟಿಗೆ ಇದೆಯಾ ನೋಡಿ.

ಡಬ್ಬದ ಮೇಲೆ 2048, 4096, 8192, 16384 ಅಂತ ಒತ್ತಡದ ಮಟ್ಟಗಳನ್ನು ದೊಡ್ಡದಾಗಿ ಬರೆದಿರುತ್ತಾರೆ. ಆ ಅಂಕಿಗೆ ಜಾಸ್ತಿ ಬೆಲೆ ಕೊಡಬೇಡಿ. 2048ಕ್ಕೂ 8192ಕ್ಕೂ ಇರುವ ವ್ಯತ್ಯಾಸ ನನ್ನ ಕೈಗಂತೂ ತಿಳಿಯುವುದಿಲ್ಲ. ತಿಳಿಯುವುದು ಬೇರೆ ಒಂದು. ಎಷ್ಟು ಹಗುರಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ ಅನ್ನುವುದು. ಅದನ್ನು ಡಬ್ಬದ ಮೇಲೆ ಬರೆಯುವುದು ಅಪರೂಪ. ಮುಟ್ಟಿಯೇ ನೋಡಬೇಕು.

ಅಂಗಡಿಯಲ್ಲಿ ಐದು ನಿಮಿಷ

ದೊಡ್ಡ ಶೋರೂಮ್‌ಗಳಲ್ಲಿ ಐಪ್ಯಾಡ್, ಸ್ಯಾಮ್‌ಸಂಗ್ ಟ್ಯಾಬ್‌ಗಳನ್ನು ಮೇಜಿಗೆ ಕಟ್ಟಿ ಇಟ್ಟಿರುತ್ತಾರೆ. ಪೆನ್ನು ಕೇಳಿ ಇಸ್ಕೊಳ್ಳಿ. ಬ್ಯಾಗಿನಲ್ಲಿ ಒಂದು ಆರು ಇಂಚಿನ ಪ್ಲಾಸ್ಟಿಕ್ ಸ್ಕೇಲ್ ಇರಲಿ. ಸೇಲ್ಸ್ ಹುಡುಗರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಡ್ರಾಯಿಂಗ್ ಆ್ಯಪ್ ತೆರೆದು, ಗೆರೆಯನ್ನು ತಾನೇ ನಯ ಮಾಡುವ ಸ್ಟೆಬಿಲೈಸರ್ ಇದ್ದರೆ ಸೊನ್ನೆಗೆ ಇಳಿಸಿ. ಸ್ಕೇಲನ್ನು ಸ್ಕ್ರೀನ್ ಮೇಲೆ ಓರೆಯಾಗಿ ಇಟ್ಟು, ಅದರ ಅಂಚಿಗೆ ಪೆನ್ನು ತಾಗಿಸಿ ತುಂಬಾ ನಿಧಾನವಾಗಿ ಗೆರೆ ಎಳೆಯಿರಿ. ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ನಿಧಾನ. ಬೇಗ ಎಳೆದರೆ ಎಲ್ಲ ಪೆನ್ನೂ ಜಾಣ. ನಿಧಾನಕ್ಕೆ ಎಳೆದಾಗ ಕೆಲವು ಸ್ಕ್ರೀನ್‌ಗಳಲ್ಲಿ ಸ್ಕೇಲ್ ಪಕ್ಕದ ಗೆರೆಯೂ ಇರುವೆ ಸಾಲಿನ ಹಾಗೆ ಅಲೆ ಅಲೆಯಾಗಿ ಬರುತ್ತದೆ. ಮುಖದ ಅಂಚು, ಮೂಗಿನ ಗೆರೆ ಎಲ್ಲ ನಾವು ಎಳೆಯುವುದು ನಿಧಾನವಾಗಿಯೇ ತಾನೆ. ಅಲೆ ಕಂಡರೆ ಅದು ಬೇಡ.

ಆಮೇಲೆ ಪೆನ್ನಿನ ಭಾರ ಮಾತ್ರ ಬೀಳುವ ಹಾಗೆ ಹಗುರಾಗಿ ಹಿಡಿದು ಎಳೆಯಿರಿ. ಗೆರೆ ತುಂಡು ತುಂಡಾಗಿ ಬಂದರೆ ಆ ಪೆನ್ನು ಒರಟು. ಅಂಗೈ ಊರಿ ಬರೆಯಿರಿ, ಕೈಯ ಗುರುತು ಬೀಳಬಾರದು. ಕೊನೆಗೆ ನಾಲ್ಕು ಮೂಲೆಯಲ್ಲೂ ಒಂದೊಂದು ಚುಕ್ಕೆ ಇಡಿ. ಪೆನ್ನಿನ ತುದಿಗೂ ಚುಕ್ಕೆಗೂ ನಡುವೆ ಎಷ್ಟು ದೂರ ಕಾಣುತ್ತದೆ? ಗಾಜಿಗೂ ಸ್ಕ್ರೀನಿಗೂ ಮಧ್ಯೆ ಸಂದು ಇರುವ ಟ್ಯಾಬ್‌ಗಳಲ್ಲಿ ಈ ಅಂತರ ಕಾಣುತ್ತದೆ. ಅಗ್ಗದ ಐಪ್ಯಾಡ್‌ನಲ್ಲೂ ಇದೆ. ಅದಕ್ಕೆ ಕೈ ಒಗ್ಗುತ್ತದೆ, ದೊಡ್ಡ ದೋಷ ಅಂತ ನಾನು ಹೇಳಲಾರೆ.

ಸ್ಕ್ರೀನ್ ಇಲ್ಲದ ಪೆನ್ ಟ್ಯಾಬ್ಲೆಟ್‌ಗಳನ್ನು ಹೀಗೆ ನೋಡಲು ಇಟ್ಟಿರುವುದು ಕಡಿಮೆ. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಗಡುವು ನೋಡಿಕೊಂಡು, ಬಂದ ದಿನವೇ ಈ ಪರೀಕ್ಷೆಗಳನ್ನು ಮುಗಿಸಿ. ಮಡಚುವ ಟಚ್ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಇನ್ನೊಂದು ಮಾತು. ಟಚ್ ಇದೆ ಅಂದ ಮಾತ್ರಕ್ಕೆ ಪೆನ್ನು ನಡೆಯುತ್ತದೆ ಅಂತಲ್ಲ. ಯಾವ ಪೆನ್ನು ನಡೆಯುತ್ತದೆ ಅಂತ ಮಾಡೆಲ್ ಹೆಸರು ಸಮೇತ ಕೇಳಿ.

ಸೈಜು

ಚಿಕ್ಕ ಪೆನ್ ಟ್ಯಾಬ್ಲೆಟ್‌ನಲ್ಲಿ ಗೀಚುವ ಜಾಗ ಸುಮಾರು ಆರು ಇಂಚು ಅಗಲ, ನಾಲ್ಕು ಇಂಚು ಎತ್ತರ. ಲ್ಯಾಪ್‌ಟಾಪ್ ಸ್ಕ್ರೀನಿಗೆ ಇದು ಸರಿ. 24 ಇಂಚಿನ ಮಾನಿಟರ್ ಇದ್ದರೆ ಹತ್ತು ಇಂಚು ಅಗಲದ್ದು ತಗೊಳ್ಳಿ. ಇಲ್ಲದಿದ್ದರೆ ಕೈ ಒಂದಿಂಚು ಸರಿದರೆ ಸ್ಕ್ರೀನಿನಲ್ಲಿ ಮೂರೂವರೆ ಇಂಚು ಹಾರುತ್ತದೆ. ಮಣಿಕಟ್ಟಿನಿಂದ ಬಿಡಿಸುವವರಿಗೆ ಚಿಕ್ಕದು ಸಾಕು. ತೋಳು ಆಡಿಸಿ ಉದ್ದ ಗೆರೆ ಎಳೆಯುವವರಿಗೆ ಅದು ಇಕ್ಕಟ್ಟು. ಹತ್ತು ಇಂಚಿಗಿಂತ ದೊಡ್ಡದು ಮೇಜು ತುಂಬುತ್ತದೆ, ಕೀಬೋರ್ಡ್ ಇಡಲು ಜಾಗ ಹುಡುಕಬೇಕಾಗುತ್ತದೆ.

ಕಂಪ್ಯೂಟರ್‌ಗೆ ಎಷ್ಟು ಶಕ್ತಿ ಬೇಕು?

ಇಲ್ಲಿ ಊಹೆ ಬೇಡ, ಲೆಕ್ಕ ಹಾಕಬಹುದು. ಎ4 ಹಾಳೆಯನ್ನು ಪ್ರಿಂಟಿಗೆ ಬೇಕಾದ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ತೆರೆದರೆ 2480ಕ್ಕೆ 3508 ಪಿಕ್ಸೆಲ್. ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ ನಾಲ್ಕು ಬೈಟ್, ಹಾಗಾಗಿ ತುಂಬಿದ ಒಂದು ಲೇಯರ್‌ಗೆ, ಅಂದರೆ ಚಿತ್ರದಲ್ಲಿ ಒಂದರ ಮೇಲೊಂದು ಇಡುವ ಪಾರದರ್ಶಕ ಪದರಕ್ಕೆ, ಹೆಚ್ಚು ಕಡಿಮೆ 35 ಎಂಬಿ. ಮೂವತ್ತು ಲೇಯರ್ ಇಟ್ಟರೆ ಒಂದು ಜಿಬಿ ದಾಟಿತು. ಹಿಂದಕ್ಕೆ ಹೋಗುವ ಅನ್‌ಡೂ ನೆನಪೂ ಇದಕ್ಕೆ ಸೇರುತ್ತದೆ. ಎ3 ಆದರೆ ಎರಡು ಪಟ್ಟು. ಎ4ನ್ನೇ 600 ಡಿಪಿಐ ಮಾಡಿದರೆ ನಾಲ್ಕು ಪಟ್ಟು.

ಹಾಗಾಗಿ ಕಲಿಯಲು 8 ಜಿಬಿ ರ‍್ಯಾಮ್ ಸಾಕು, ಪಕ್ಕದಲ್ಲಿ ಬ್ರೌಸರ್‌ನ ಮೂವತ್ತು ಟ್ಯಾಬ್ ತೆರೆದಿಡದಿದ್ದರೆ. ಸಂಪಾದನೆಗೆ ಬಿಡಿಸುವವರು 16 ಜಿಬಿ ಇಟ್ಟುಕೊಳ್ಳಿ. ಹಳೆ ಲ್ಯಾಪ್‌ಟಾಪ್ ಆಮೆ ಆಗಿದ್ದರೆ ಹೊಸದಕ್ಕೆ ಹೋಗುವ ಮುಂಚೆ ಅದರಲ್ಲಿ ಹಾರ್ಡ್ ಡಿಸ್ಕ್ ಇದೆಯಾ ನೋಡಿ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ, ಜಾಗ ಇದ್ದರೆ ಇನ್ನೊಂದು ರ‍್ಯಾಮ್ ಸೇರಿಸಿದರೆ ಎರಡು ಮೂರು ವರ್ಷ ಆರಾಮಾಗಿ ಓಡುತ್ತದೆ. ಮ್ಯಾಕ್‌ಬುಕ್ ಏರ್‌ನಂಥವುಗಳಲ್ಲಿ ಆಮೇಲೆ ರ‍್ಯಾಮ್ ಸೇರಿಸಲು ಬರುವುದಿಲ್ಲ, ಕೊಳ್ಳುವಾಗಲೇ ಯೋಚಿಸಿ. ಐಪ್ಯಾಡ್‌ನಲ್ಲೂ ಲೇಯರ್ ಎಷ್ಟು ಸಿಗುತ್ತದೆ ಅನ್ನುವುದು ಅದರ ರ‍್ಯಾಮ್ ಮತ್ತು ನಿಮ್ಮ ಕ್ಯಾನ್ವಾಸ್ ಸೈಜಿನ ಮೇಲೆ ನಿಂತಿದೆ. ದೊಡ್ಡ ಹಾಳೆ ತೆರೆದರೆ ಅಲ್ಲಿನ ಡ್ರಾಯಿಂಗ್ ಆ್ಯಪ್ ಪ್ರೊಕ್ರಿಯೇಟ್ ಇಷ್ಟೇ ಲೇಯರ್ ಅಂತ ಕೈ ಎತ್ತಿಬಿಡುತ್ತದೆ.

ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ದುಡ್ಡನ್ನು ಸ್ಕ್ರೀನಿಗೆ ಕೊಡಿ. ಅಗ್ಗದ ಲ್ಯಾಪ್‌ಟಾಪಿನ ವಿವರದಲ್ಲಿ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಎಲ್ಲೋ ಸಣ್ಣಗೆ ಬರೆದಿರುತ್ತದೆ. ಸ್ಕ್ರೀನು ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವ ಅಳತೆ ಅದು. ಆ ಸ್ಕ್ರೀನಿನಲ್ಲಿ ಕುಂಕುಮದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನೀವು ಸಾಲದು ಅಂತ ಕೆಂಪು ಸುರಿಯುತ್ತೀರಿ. ಅದೇ ಚಿತ್ರ ಫೋನಿನಲ್ಲಿ ನೋಡಿದರೆ ಕಣ್ಣಿಗೆ ಚುಚ್ಚುತ್ತದೆ. ಬಣ್ಣದ ಇನ್ನೊಂದು ಅಳತೆಯಲ್ಲಿ, ನೂರು ಪರ್ಸೆಂಟ್ ಎಸ್‌ಆರ್‌ಜಿಬಿ ಅಂತ ಇರುವುದನ್ನು ಹುಡುಕಿ. ಅದಾಗದಿದ್ದರೆ ಬಣ್ಣ ಹಚ್ಚುವಾಗ ಆಗಾಗ ಫೋನಿಗೆ ಕಳಿಸಿಕೊಂಡು ನೋಡಿ. ನಾನು ಈಗಲೂ ಹಾಗೆ ಮಾಡುತ್ತೇನೆ.

ಯಾವ ಸಾಫ್ಟ್‌ವೇರ್?

ಕಂಪ್ಯೂಟರ್‌ಗೆ ಕ್ರಿತಾ. ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಬ್ರಶ್‌ಗಳಿಗೆ ಕೊರತೆ ಇಲ್ಲ. ಐಪ್ಯಾಡ್‌ನಲ್ಲಿ ಪ್ರೊಕ್ರಿಯೇಟ್, ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಅದು ಆಂಡ್ರಾಯ್ಡ್‌ಗೆ ಇಲ್ಲ, ವಿಂಡೋಸ್‌ಗೂ ಇಲ್ಲ. ಪ್ರೊಕ್ರಿಯೇಟ್ ಬೇಕೇ ಬೇಕು ಅನ್ನುವವರಿಗೆ ಯಾವ ಟ್ಯಾಬ್ ಅನ್ನುವ ಪ್ರಶ್ನೆಯೇ ಉಳಿಯುವುದಿಲ್ಲ. ಕಾಮಿಕ್ಸ್ ಮಾಡುವವರಿಗೆ ಕ್ಲಿಪ್ ಸ್ಟುಡಿಯೋ ಪೇಂಟ್ ಚೆನ್ನ. ಟ್ಯಾಬ್‌ಗಳಲ್ಲಿ ಅದಕ್ಕೆ ತಿಂಗಳಿಗೋ ವರ್ಷಕ್ಕೋ ಬಾಡಿಗೆ ಕಟ್ಟಬೇಕು. ಆಂಡ್ರಾಯ್ಡ್‌ನಲ್ಲಿ ಐಬಿಸ್ ಪೇಂಟ್‌ನಿಂದ ಶುರು ಮಾಡಬಹುದು.

ನಮ್ಮಂಥ ಭಾಷೆಯವರಿಗೆ ಬರುವ ಒಂದು ತೊಂದರೆ ಇದೆ. ಚಿತ್ರದ ಬಲೂನಿನಲ್ಲಿ ಕನ್ನಡ ಬರೆಯುವುದು. ಟೈಪ್ ಮಾಡಿದರೆ ಕೆಲವು ಕಡೆ ಒತ್ತಕ್ಷರ ಕೂಡುವುದಿಲ್ಲ, "ಅಕ್ಕ" ಹೋಗಿ "ಅಕ್‌ಕ" ಆಗುತ್ತದೆ. ಹಳೆಯ ಫೋಟೋಶಾಪ್‌ನಲ್ಲಿ ಟೈಪ್ ಸೆಟ್ಟಿಂಗ್‌ಗೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸಿದರೆ ಸರಿಹೋಗುತ್ತದೆ. ಕ್ರಿತಾದವರು 2023ರ 5.2 ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ಭಾಗವನ್ನು ಹೊಸದಾಗಿ ಬರೆದರು, ಹಾಗಾಗಿ ಹಳೆಯ ಆವೃತ್ತಿ ಇಟ್ಟುಕೊಂಡು ಒದ್ದಾಡಬೇಡಿ. ಯಾವ ಆ್ಯಪ್ ಕೊಳ್ಳುವ ಮುಂಚೆಯೂ ಅದರಲ್ಲಿ "ರಾಷ್ಟ್ರ", "ಸ್ತ್ರೀ" ಎಂದು ಬರೆದು ನೋಡಿ. ಈ ಎರಡು ಸರಿ ಬಂದರೆ ಉಳಿದದ್ದೂ ಹೆಚ್ಚುಕಡಿಮೆ ಬರುತ್ತದೆ. ನಾನಂತೂ ಬಲೂನಿನ ಮಾತನ್ನು ಕೈಯಲ್ಲೇ ಬರೆಯುತ್ತೇನೆ, ಚಿತ್ರಕ್ಕೆ ಅದೇ ಒಪ್ಪುತ್ತದೆ.

ಮನೆಗೆ ತಂದ ದಿನ

ಪೆನ್ ಟ್ಯಾಬ್ಲೆಟ್ ಚುಚ್ಚಿದ ಕೂಡಲೇ ಕೆಲಸ ಮಾಡಿದರೂ ಕಂಪನಿಯ ಸೈಟಿನಿಂದ ಡ್ರೈವರ್, ಅಂದರೆ ಹಲಗೆಯನ್ನು ಕಂಪ್ಯೂಟರ್‌ಗೆ ಪರಿಚಯಿಸುವ ಸಾಫ್ಟ್‌ವೇರ್, ಹಾಕಿಕೊಳ್ಳಿ. ಮುಂಚೆ ಬೇರೆ ಟ್ಯಾಬ್ಲೆಟ್ ಇದ್ದಿದ್ದರೆ ಅದರ ಡ್ರೈವರ್ ತೆಗೆದು, ರೀಸ್ಟಾರ್ಟ್ ಮಾಡಿ, ಆಮೇಲೆ ಹೊಸದು. ಎರಡು ಡ್ರೈವರ್ ಒಂದೇ ಮನೆಯಲ್ಲಿ ಬಾಳುವುದಿಲ್ಲ.

ಗೆರೆ ಬರುತ್ತದೆ, ಒತ್ತಿದರೆ ದಪ್ಪ ಆಗುವುದಿಲ್ಲ ಅನ್ನುವುದು ಹೊಸಬರು ಅಳುವ ಮೊದಲ ಕಾರಣ. ಪೆನ್ನು ಕೆಟ್ಟಿರುವುದಿಲ್ಲ. ವಿಂಡೋಸ್‌ನಲ್ಲಿ ಪೆನ್ನಿನ ಮಾತು ಸಾಫ್ಟ್‌ವೇರ್‌ಗೆ ತಲುಪಲು ಎರಡು ದಾರಿ, ವಿಂಟ್ಯಾಬ್ ಮತ್ತು ವಿಂಡೋಸ್ ಇಂಕ್. ಡ್ರೈವರ್ ಒಂದು ದಾರಿಯಲ್ಲಿ ಕಳಿಸಿ, ಕ್ರಿತಾ ಇನ್ನೊಂದು ದಾರಿಯಲ್ಲಿ ಕಾಯುತ್ತಾ ನಿಂತಿದ್ದರೆ ಹೀಗಾಗುತ್ತದೆ. ಕ್ರಿತಾದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ಇನ್ನೊಂದನ್ನು ಆರಿಸಿ, ಮುಚ್ಚಿ ತೆರೆಯಿರಿ. ಪೆನ್ನು ಒತ್ತಿ ಹಿಡಿದಾಗ ಸುತ್ತ ಒಂದು ಉಂಗುರ ಮೂಡಿ ಗೆರೆ ತಡವಾಗುತ್ತಿದ್ದರೆ, ವಿಂಡೋಸ್‌ನ ಪೆನ್ ಸೆಟ್ಟಿಂಗ್‌ನಲ್ಲಿ ಒತ್ತಿ ಹಿಡಿದರೆ ರೈಟ್ ಕ್ಲಿಕ್ ಅನ್ನುವುದನ್ನು ತೆಗೆದುಹಾಕಿ.

ಆಮೇಲೆ ಬಳೆ ಪರೀಕ್ಷೆ. ಗಾಜಿನ ಕೈಬಳೆ ಒಂದನ್ನು ಟ್ಯಾಬ್ಲೆಟ್ ಮೇಲಿಟ್ಟು ಒಳಗಿನ ಅಂಚಿಗೆ ಪೆನ್ನು ತಾಗಿಸಿ ಒಂದು ಸುತ್ತು ಬನ್ನಿ. ಸ್ಕ್ರೀನಿನಲ್ಲಿ ದುಂಡಗೆ ಬಂದರೆ ಸರಿ. ಮೊಟ್ಟೆ ಥರ ಬಂದರೆ ಟ್ಯಾಬ್ಲೆಟ್‌ನ ಅಳತೆಗೂ ಸ್ಕ್ರೀನ್ ಅಳತೆಗೂ ತಾಳೆ ಇಲ್ಲ ಅಂತ. ಡ್ರೈವರ್‌ನಲ್ಲಿ ಅನುಪಾತ ಕಾಯುವ ಆಯ್ಕೆ ಒತ್ತಿ, ಎರಡು ಮಾನಿಟರ್ ಇದ್ದರೆ ಒಂದನ್ನೇ ಆರಿಸಿ, ಮತ್ತೆ ಬಳೆ ಇಡಿ. ಇದನ್ನು ಮಾಡದೆ ತಿಂಗಳುಗಟ್ಟಲೆ ಬಿಡಿಸಿದವರ ಚಿತ್ರದಲ್ಲಿ ಎಲ್ಲರ ಮುಖವೂ ಅಗಲ ಆಗಿರುತ್ತದೆ, ತಮ್ಮ ಕೈಯೇ ಸರಿ ಇಲ್ಲ ಅಂತ ಪಾಪ ಕೊರಗುತ್ತಿರುತ್ತಾರೆ. ಎಡಗೈಯವರು ಟ್ಯಾಬ್ಲೆಟ್ ತಿರುಗಿಸಿಟ್ಟು ಡ್ರೈವರ್‌ನಲ್ಲೂ ತಿರುಗಿಸಬೇಕು.

ಮೊದಲ ಹತ್ತು ದಿನ ಮೌಸನ್ನು ಡ್ರಾಯರ್‌ಗೆ ಹಾಕಿ. ಮೇಲ್ ನೋಡುವುದು, ಫೈಲ್ ತೆರೆಯುವುದು ಎಲ್ಲವೂ ಪೆನ್ನಿನಿಂದಲೇ. ಕೈಗೂ ಕಣ್ಣಿಗೂ ಸ್ನೇಹ ಬೆಳೆಯಲು ಇದಕ್ಕಿಂತ ಬೇಗದ ದಾರಿ ನಾನು ಕಂಡಿಲ್ಲ. ಹಲಗೆ ಜಾರುತ್ತದೆ ಅನ್ನಿಸಿದರೆ ಅದರ ಮೇಲೆ ಒಂದು ಬಿಳಿ ಹಾಳೆ ಅಂಟಿಸಿ. ಪೆನ್ನು ಹಾಳೆ ದಾಟಿಯೂ ಕೆಲಸ ಮಾಡುತ್ತದೆ. ಹಳೆ ಪೆನ್ಸಿಲ್ ಸ್ಕೆಚ್ ಇದ್ದರೆ ಅದನ್ನೇ ಇಟ್ಟು ಮೇಲೆ ತಿದ್ದಬಹುದು. ಕ್ರಿತಾದ ಆಟೋಸೇವ್ ಅನ್ನು ಐದು ನಿಮಿಷಕ್ಕೆ ಇಡಿ. ಮಳೆಗಾಲದಲ್ಲಿ ಡೆಸ್ಕ್‌ಟಾಪ್ ಮುಂದೆ ಕೂರುವವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಒಂದೇ ಕಿರಿಕಿರಿ, ಹಾಳೆ ಅಂಟಿಸಿದರೆ ನಿಬ್ ಬೇಗ ಸವೆಯುತ್ತದೆ. ಐಪ್ಯಾಡ್ ಮೇಲೆ ಕಾಗದದ ಥರದ ಫಿಲ್ಮ್ ಹಾಕಿದರೂ ಅಷ್ಟೇ. ಪೆನ್ ಟ್ಯಾಬ್ಲೆಟ್ ಡಬ್ಬದಲ್ಲಿ ನಾಲ್ಕಾರು ನಿಬ್, ಅದನ್ನು ಕೀಳಲು ಒಂದು ಪುಟ್ಟ ಚಿಮಟ ಇರುತ್ತದೆ. ಡಬ್ಬ ಎಸೆಯುವಾಗ ಅದೂ ಕಸಕ್ಕೆ ಹೋಗದಂತೆ ನೋಡಿಕೊಳ್ಳಿ. ತುದಿ ಚೂಪಾದ ಅಂಚು ಬರುವಷ್ಟು ಸವೆದ ನಿಬ್ ಹಲಗೆಯ ಮೇಲೆ ಗೀರು ಹಾಕುತ್ತದೆ.

ಅಕ್ಕನ ಮಗಳು ಮೊನ್ನೆ ಪೆನ್ನಿನ ಫೋಟೋ ಕಳಿಸಿದ್ದಳು. "ಚಿಕ್ಕಮ್ಮ, ಇದು ಕೆಟ್ಟೋಯ್ತಾ?" ನಿಬ್ ಒಂದು ಪಕ್ಕ ಉಳಿಯ ಹಾಗೆ ಓರೆಯಾಗಿ ಸವೆದಿತ್ತು. ಮೂರೇ ವಾರಕ್ಕೆ. "ಇಲ್ಲ ಕಣೇ, ಚಿಮಟ ಎಲ್ಲಿಟ್ಟಿದೀಯ ಹುಡುಕು" ಅಂದೆ.